ನಮ್ಮ ಮಾವನ ದಣಿದ ಸ್ಟೇರಿಂಗು

ಈ ಹೊತ್ತು ಮಾಡಿದ ಕೆಲಸ ಇಷ್ಟು. ಬೆಳಗ್ಗೆ ಎದ್ದು ಅಂಗಳಕ್ಕೆ ಸೆಗಣಿನೀರು ಹಾಕಿದೆ. ನೆನೆದ ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆಗಿಟ್ಟೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೆ ಒಣಹಾಕಿದೆ, ಮೋಡ ಬಂತೆಂದು ಇಳಿಸಿದೆ, ಮೋಡ ಹೋಯಿತೆಂದು ಮತ್ತೆ ಏರಿಸಿದೆ. ಎಮ್ಮೆಗೆ ಹತ್ತಿಕಾಳು ಇಟ್ಟೆ. ಪಡಸಾಲೆಯ ಜೇಡರಬಲೆ ತೆಗೆದೆ. ಹಾಗೆ ತೆಗೆಯುವಾಗ ಗೋಡೆಯ ಗೂಟಕ್ಕೆ ನೇತುಹಾಕಿದ ಸ್ಟೇರಿಂಗನ್ನು ಇಳಿಸಿ, ಒಣಬಟ್ಟೆಯಿಂದ ಒರೆಸಿ, ಮತ್ತೆ ಅಲ್ಲೇ ಹಾಕಿದೆ. ಅದಕ್ಕೆ ಒದ್ದೆ ಬಟ್ಟೆ ಮುಟ್ಟಿಸುವ ಹಾಗಿಲ್ಲ.

ಹೌದು, ಸ್ಟೇರಿಂಗೇ! ಟ್ರ್ಯಾಕ್ಟರಿನದು. ಬೇರೆಯವರ ಪಡಸಾಲೆಯಲ್ಲಿ ದೇವರ ಪಟ ಇರುತ್ತದೆ, ಹಿರಿಯರ ಫೋಟೋ ಇರುತ್ತದೆ. ನಮ್ಮಲ್ಲಿ ಇದು. ಇದರ ಒಂದು ಮಗ್ಗುಲಿಗೆ ಹಸಿರು ಬಳ್ಳಿ, ಕೆಂಪು ಹೂವು, ಅರ್ಧ ಗಿಳಿ. ಇನ್ನೊಂದು ಮಗ್ಗುಲು ಬರೀ ಕಬ್ಬಿಣ. ಹೊಸದಾಗಿ ಬಂದವರು ಇದನ್ನು ಕಂಡು ಚಪ್ಪಲಿ ಹೊರಗೆ ಬಿಟ್ಟು ಬಂದು ಕೈ ಮುಗಿಯುತ್ತಾರೆ. ಹೋದ ವಾರ ಬಂದ ಬೀಗಿತ್ತಿಯೊಬ್ಬಳು, "ಯಾವ ದೇವರ್ರೀ ವೈನಿ ಇದು?" ಅಂದಳು.

"ದೇವರಲ್ಲವ್ವಾ, ನಮ್ಮ ಮಾವಂದು" ಅಂದೆ.

ಆಕೆ ಇನ್ನೊಂದು ಸಲ ಕೈ ಮುಗಿದಳು!

ನಮ್ಮ ಮಾವ ತಮ್ಮ ಜೀವಮಾನದಲ್ಲಿ ಯಾವ ವಸ್ತುವನ್ನೂ ಒಡೆದಿದೆ, ಮುರಿದಿದೆ ಎಂದು ಒಪ್ಪಿಕೊಂಡವರಲ್ಲ. ಒಂದೇ ಒಂದು ಸಲ ಬಿಟ್ಟು. ಆ ಒಂದು ಸಲದ ಸಲುವಾಗಿಯೇ ಈ ಪುರಾಣ ಹೇಳಲು ಕೂತಿದ್ದೇನೆ.

ಅವರು ನನಗೆ ಹುಟ್ಟಿನಿಂದ ಸೋದರಮಾವ, ಮದುವೆಯಿಂದ ಮಾವ. ಅವರ ಮಗನನ್ನೇ ನಾನು ಕಟ್ಟಿಕೊಂಡದ್ದು. ಹೀಗಾಗಿ ನನ್ನನ್ನು ಬೈಯುವ ಹಕ್ಕು ಅವರಿಗೆ ಎರಡು ಪಟ್ಟು, ಎದುರುತ್ತರ ಕೊಡುವ ಸಲಿಗೆ ನನಗೆ ಎರಡು ಪಟ್ಟು. ಮನೆಯಲ್ಲಿ ಕೊಡ ಸೋರಿದರೆ ಮಾವನ ಲೆಕ್ಕದಲ್ಲಿ ಅದು ಒಡೆದದ್ದಲ್ಲ, ದಣಿದದ್ದು. ಗೋಡೆ ಗಡಿಯಾರ ನಿಂತರೆ ಅದೂ ದಣಿದದ್ದು. ದಣಿದವರಿಗೆ ಸ್ವಲ್ಪ ಆರೈಕೆ ಮಾಡಿದರೆ ಎದ್ದು ಕೂಡುವುದಿಲ್ಲವೇ? ವಸ್ತುಗಳೂ ಹಾಗೇ ಎನ್ನುವುದು ಅವರ ಸಿದ್ಧಾಂತ. ಆ ಆರೈಕೆಯಲ್ಲಿ ಎಷ್ಟು ಕೊಡಗಳು ಎರಡಾದವು, ಎಷ್ಟು ಗಡಿಯಾರಗಳು ಹಿಂದಕ್ಕೆ ನಡೆದವು ಎನ್ನುವುದು ಬೇರೆ ಮಾತು!

ಒಮ್ಮೆ ನಿಜಾಮ ಸರಕಾರದ ಗಿರದಾವರರು ಹೊಲದ ತಪಾಸಣೆಗೆ ಬಂದಿದ್ದರು. ಮಾವ ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಹಾಕಿದರು. ಅದರ ನಾಲ್ಕನೆಯ ಕಾಲು ಮಾವನ ಕೈಯಲ್ಲಿ ಆರೈಕೆ ಪಡೆದದ್ದು. ಸಾಹೇಬರು ಕುಳಿತರು. ಕುರ್ಚಿಯೂ ಕುಳಿತಿತು! ನಾವು ಒಳಗಿನಿಂದ ಸೆರಗು ಬಾಯಿಗೆ ತುರುಕಿಕೊಂಡು ನೋಡುತ್ತಿದ್ದೆವು.

"ಟೂಟ್ ಗಯಾ!" ಎಂದು ಸಾಹೇಬರು ನೆಲದ ಮೇಲಿನಿಂದ ಕೂಗಿದರು.

"ಮುರದಿಲ್ರೀ ಸಾಹೇಬ್ರ, ದಣದೈತಿ."

"ಔರ್ ಹಮ್?"

"ನೀವೂ ದಣದೀರಿ. ಕುಂದರ್ರಿ, ಮಜ್ಜಿಗಿ ತರಸ್ತೀನಿ" ಅಂದರು ಮಾವ.

ಇಂಥ ನಮ್ಮ ಮಾವ ಒಂದು ಸಲ ನವಲಿ ಕಡೆಗೆ ಮದುವೆಗೆ ಹೋದರು. ಆಗ ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಅದರಿಂದ ನಮ್ಮ ಊರಿಗೆ ಬಂದದ್ದೆಂದರೆ ಚಿಮಣಿ ಎಣ್ಣೆಯ ಅಭಾವ, ಸೂಜಿಯ ಅಭಾವ ಮತ್ತು ಕಟ್ಟೆಯ ಮೇಲೆ ಕೂತವರಿಗೆ ಮಾತಿನ ಸುಗ್ಗಿ. ನಮ್ಮ ಊರು ಕುಕನೂರಿನಿಂದ ಒಂದು ಹರದಾರಿ. ಎರೆಹೊಲ, ಹೊಲದ ತುಂಬ ಕರಿಕೆ ಹುಲ್ಲು. ಕರಿಕೆಯ ಬೇರು ಎಷ್ಟು ಆಳವೆಂದರೆ ಎತ್ತಿನ ರೆಂಟೆಗೆ ಮೇಲಿನ ಕೂದಲಷ್ಟೇ ಸಿಗುವುದು, ತಲೆ ಕೆಳಗೇ ಉಳಿಯುವುದು. ನವಲಿ ಕಡೆಯ ಒಬ್ಬ ಜಮೀನುದಾರರು ಒಂದು ಕಾಲಕ್ಕೆ ಟ್ರ್ಯಾಕ್ಟರ್ ತರಿಸಿ ಕರಿಕೆಯನ್ನು ಬೇರುಸಹಿತ ಕಿತ್ತಿಸಿದ್ದರಂತೆ. ಆ ಟ್ರ್ಯಾಕ್ಟರು ಈಗ ಅವರ ಹಿತ್ತಿಲಲ್ಲಿ ನಿಂತಿತ್ತು. ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಮಾವ ಮದುವೆಯ ಪಂಕ್ತಿಯಿಂದ ಎದ್ದು ಹೋಗಿ ಅದನ್ನೇ ನೋಡುತ್ತ ನಿಂತರಂತೆ.

"ಅದು ಕೆಟ್ಟ ಎಷ್ಟೋ ವರ್ಷ ಆತ್ರಿ" ಅಂದರಂತೆ ಮನೆಯವರು.

ಮಾವ ಏನಂದಿರಬೇಕು ಎಂದು ನಾನು ಬೇರೆ ಹೇಳಬೇಕೆ?

ಜಮೀನುದಾರರ ಒಂದು ಎತ್ತು ಜೊತೆಯಿಲ್ಲದೆ ಒಂಟಿಯಾಗಿತ್ತು. ನಮ್ಮಲ್ಲಿ ಒಂದು ಜೋಡಿ ಇತ್ತು. ಕಪ್ಪು ಬಿಳಿ ಮಚ್ಚೆಯ ಹಂಡ, ಕೆಂಪು ಮೈಯ ಕೆಂದ. ಎಡಕ್ಕೆ ಹಂಡ, ಬಲಕ್ಕೆ ಕೆಂದ; ಕರುಗಳಾಗಿದ್ದಾಗಿನಿಂದ ಹೀಗೇ. ಅತ್ತೆಯ ತವರು ಹಿಟ್ನಾಳದಿಂದ ಬಂದ ಕರುಗಳು, ಅತ್ತೆಯೇ ಕೈಯಾರೆ ಹುಲ್ಲು ತಿನ್ನಿಸಿ ಬೆಳೆಸಿದವು. ಮಾವ ಕೆಂದನನ್ನು ಕೊಟ್ಟು ಟ್ರ್ಯಾಕ್ಟರನ್ನೂ ಎರಡು ಪೀಪಾಯಿ ಚಿಮಣಿ ಎಣ್ಣೆಯನ್ನೂ ತರುವ ಮಾತು ಮಾಡಿ ಬಂದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಸತ್ತ ಟ್ರ್ಯಾಕ್ಟರು ನವಲಿಯಿಂದ ನಮ್ಮ ಊರಿಗೆ ಬಂದದ್ದಾದರೂ ಹೇಗೆ? ಮಾವ ಹಂಡ ಕೆಂದರನ್ನು ಹೊಡೆದುಕೊಂಡು ಹೋಗಿ ಅದಕ್ಕೆ ಹೂಡಿದರು! ಎತ್ತುಗಳಿಗೆ ರಜೆ ಕೊಡಲು ಬಂದ ಯಂತ್ರವನ್ನು ಎತ್ತುಗಳೇ ನೊರೆ ಕಾರುತ್ತ ಎಳೆದು ತಂದವು. ಏರು ಬಂದಲ್ಲಿ ದಾರಿಹೋಕರೂ ನೂಕಿದರಂತೆ. ಜೊತೆಗೆ ನವಲಿಯ ಒಬ್ಬ ಆಳೂ ಬಂದಿದ್ದ. ಅವನು ಯಾಕೆ ಬಂದ ಎನ್ನುವುದು ನಮಗೆ ತಿಳಿದದ್ದು ಆ ಸಂಜೆ ಅವನು ಕೆಂದನ ಹಗ್ಗ ಬಿಚ್ಚಿಕೊಂಡು ಹೊರಟಾಗ.

"ಅಂವ ಯಾಕ ಒಯ್ಯಾಕತ್ತಾನ ಕೆಂದನ್ನ?" ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಬದಲಿ ಕೊಟ್ಟೀನಿ. ಇನ್ನ ಎತ್ತು ಯಾರಿಗೆ ಬೇಕು?"

"ಹಿಟ್ನಾಳದ ಎತ್ತು. ನನ್ನನ್ನ ಒಂದ ಮಾತು ಕೇಳಬೇಕನಸಲಿಲ್ಲ ನಿಮಗ? ಜೋಡಿ ಮುರದ್ರಿ."

"ಮುರದಿಲ್ಲ. ಒಂದು ದಣಿವಾರಿಸ್ಕೊಳ್ಳಾಕ ಹೊಂಟೈತಿ, ಅಷ್ಟ."

ಅತ್ತೆ ಮುಂದೆ ಮಾತಾಡಲಿಲ್ಲ. ಮುಂದೆ ಎಂದರೆ ಆ ಹೊತ್ತಿಗೆ ಮಾತ್ರವಲ್ಲ, ಮರುದಿನವೂ ಇಲ್ಲ, ಮರುವಾರವೂ ಇಲ್ಲ. ನನ್ನೊಡನೆ ಮಾತಾಡುವರು, ನೆರೆಯವರೊಡನೆ ಮಾತಾಡುವರು, ಹಂಡನೊಡನೆಯಂತೂ ಗಂಟೆಗಟ್ಟಲೆ. ಮಾವನೊಡನೆ ಮಾತ್ರ ಇಲ್ಲ. ಮಾವನಿಗೆ ಏನಾದರೂ ತಿಳಿಸಲೇಬೇಕಾದರೆ ಪಡಸಾಲೆಯ ನಡುವಿನ ಕಂಬದ ಕಡೆಗೆ ತಿರುಗಿ, "ಕಂಬಾ, ನೀರು ಕಾದಾವ ಅಂತ ಹೇಳು" ಅನ್ನುವರು. ಕಂಬ ಹೇಳುತ್ತಿರಲಿಲ್ಲ, ಮಾವನಿಗೆ ಕೇಳುತ್ತಿತ್ತು.

ಆದರೆ ಇದರಲ್ಲಿ ಒಂದು ತೊಡಕಾಯಿತು. ನಮ್ಮ ಕಡೆ ಆ ಕಾಲದ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವವರೇ? "ಕೇಳಿಸ್ತೇನು?", "ಇಲ್ನೋಡ್ರಿ" ಎಂದು ಗೋಡೆಗೋ ಗಾಳಿಗೋ ಹೇಳುವುದೇ ರೂಢಿ. ಹೀಗಾಗಿ ಹೆಂಡತಿ ಮಾತು ಬಿಟ್ಟಿದ್ದಾಳೆ ಎನ್ನುವುದು ಮಾವನಿಗೆ ಬಹಳ ದಿನ ಗೊತ್ತೇ ಆಗಲಿಲ್ಲ! ಗೊತ್ತಾದದ್ದು ಊಟದ ಹೊತ್ತಿಗೆ. ಮಾವ ಎರಡು ರೊಟ್ಟಿ ಉಂಡ ಮೇಲೆ ಅತ್ತೆ ಯಾವಾಗಲೂ, "ಇನ್ನೊಂದು ರೊಟ್ಟಿ ನೀಡಲ್ರೀ?" ಅನ್ನುವರು. ಮಾವ "ಬ್ಯಾಡ" ಅಂದು ಏಳುವರು. ಇದು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ ಕ್ರಮ. ಟ್ರ್ಯಾಕ್ಟರಿನ ಧ್ಯಾನದಲ್ಲಿ ಇಷ್ಟು ದಿನ ಗಮನಿಸದೆ ಏಳುತ್ತಿದ್ದ ಮಾವ, ಆ ದಿನ ಉಂಡು ಆ ಮಾತಿಗಾಗಿ ಕಾಯುತ್ತ ಕೂತರು. ಎಂಜಲ ಕೈ ಒಣಗಿತು.

"ನಿಮ್ಮ ಅತ್ತಿಗೆ ಗಂಟಲಾ ಬ್ಯಾನಿ ಐತೇನು?" ಎಂದು ನನ್ನನ್ನು ಕೇಳಿದರು.

"ಗಂಟಲಾ ಛಲೋ ಐತ್ರಿ ಮಾವ. ನಿಮ್ಮ ಕೂಡ ಮಾತಾಡಂಗಿಲ್ಲಂತ."

"ಯಾವಾಗಿಂದ?"

"ಕೆಂದ ಹ್ವಾದಾಗಿಂದ."

ಮಾವ ಕಣ್ಣರಳಿಸಿದರು. "ಅಷ್ಟು ದಿನಾ ಆತು? ಮತ್ತ ಅಕಿ ನನಗ ಯಾಕ ಹೇಳಲಿಲ್ಲ?"

ನನ್ನ ಗಂಡ ಕುಷ್ಟಗಿಯ ಕಚೇರಿಯಲ್ಲಿ ಗುಮಾಸ್ತರು, ವಾರಕ್ಕೊಮ್ಮೆ ಬರುವವರು. ಅವರಿಗೆ ಹೇಳಿದರೆ, "ಹೌದೇನು? ಮನಿ ಭಾಳ ಶಾಂತ ಐತಿ ಅನಸ್ತು ನನಗೂ" ಅಂದು ಉಂಡು ಮಲಗಿದರು. ತಂದೆಗೆ ತಕ್ಕ ಮಗ!

ಮಾವ ಮಾತ್ರ ಮಲಗಲಿಲ್ಲ. ಅತ್ತೆ ಕಂಬಕ್ಕೆ ಹೇಳುವ ಮಾತು ಕೇಳಿಸಲೆಂದು ಅವರು ಕಂಬಕ್ಕೆ ಒರಗಿಯೇ ಕೂಡುವುದನ್ನು ರೂಢಿ ಮಾಡಿಕೊಂಡರು. ನನ್ನನ್ನು ಕರೆದು, "ಮುಂಗಾರಿ ಬರೂದರಾಗ ಕರಿಕಿ ಕಿತ್ತು ಹೊಲಾ ಹಸನ ಮಾಡಿ ತೋರಸ್ತೀನಿ. ಹೊಲಾ ನೋಡಿದ್ರ ತಾನ ಬಾಯಿ ಬಿಡ್ತಾಳ" ಅಂದರು.

"ಬಿಡದಿದ್ರ?"

"ಬಿಡ್ತಾಳ ಬಿಡು" ಅಂದು ಕಂಬ ಸವರಿದರು.

ಟ್ರ್ಯಾಕ್ಟರಿನ ಆರೈಕೆ ಶುರುವಾಯಿತು. ಮಾವ ಅದರ ಹೊಟ್ಟೆಯೊಳಗಿನಿಂದ ಇಲಿಗೂಡು, ಹುಲ್ಲು, ಒಂದು ಬೀಗದ ಕೈ ತೆಗೆದರು. ಎಲ್ಲ ಭಾಗಗಳನ್ನೂ ಬಿಚ್ಚಿ ತೊಳೆದು, ಹಪ್ಪಳದ ಹಾಗೆ ಚಾಪೆಯ ಮೇಲೆ ಹರವಿ, ಮತ್ತೆ ಜೋಡಿಸಿದರು. ಕೊನೆಗೆ ಎರಡು ಮೂರು ಭಾಗ ಉಳಿದವು. "ಹೆಚ್ಚಿಗಿ ಕೊಟ್ಟಾರ. ವಿಲಾಯತಿ ಮಂದಿ ಧಾರಾಳ" ಅಂದು ಅವನ್ನು ಗೋಡೆಯ ಮಾಡದಲ್ಲಿಟ್ಟರು. ನೀವು ನಂಬಬೇಕು, ಆ ಯಂತ್ರ ಒಂದು ಬೆಳಗ್ಗೆ ಹೊತ್ತಿಕೊಂಡಿತು! ಮುಂದಿನ ಹಿಡಿಕೆ ತಿರುವಿ ತಿರುವಿ ಮಾವ ಇನ್ನೇನು ತಾವೇ ದಣಿಯಬೇಕು, ಅಷ್ಟರಲ್ಲಿ ಗುಡುಗಿತು. ಊರ ನಾಯಿಗಳೆಲ್ಲ ಒಂದು ಕಡೆ ಓಡಿದವು, ಮಂದಿ ಇನ್ನೊಂದು ಕಡೆಯಿಂದ ಬಂದರು. ಹಂಡ ಗೂಟ ಕಿತ್ತುಕೊಂಡು ಹೋಗಿ ಹಳ್ಳದಲ್ಲಿ ನಿಂತಿತು.

ಮಾವ ಹತ್ತಿ ಕುಳಿತರು. ರುಮಾಲು ಬಿಗಿದರು. "ಹೈ" ಅಂದರು. ಯಂತ್ರ ಹೊರಟಿತು. ಅದು ಹೊರಟದ್ದು "ಹೈ" ಅಂದದ್ದಕ್ಕೇ ಎಂದು ಅವರು ತಿಳಿದರೇನೋ! ಊರಬಾಗಿಲ ಅಗಸಿ ದಾಟಿ ಕಣದ ಕಡೆ ಇಳಿಜಾರು. ಮುಂದೆ ನಮ್ಮದೇ ಹೊಟ್ಟಿನ ಬಣವೆ. ಮಾವ "ಹೋ... ಹೋ..." ಅಂದರು. ಯಂತ್ರ ನಿಲ್ಲಲಿಲ್ಲ. "ಹೋ ಅಂದ್ರ ಹೋ!" ಎಂದು ಗದರಿದರು. ಊಹೂಂ. ಆಗ ಮಾವ ಹುಟ್ಟಿದಾಗಿನಿಂದ ಮಾಡಿದ್ದನ್ನೇ ಮಾಡಿದರು. ಎರಡೂ ಕಾಲು ಮುಂದಕ್ಕೆ ಒತ್ತಿ, ಹಿಂದಕ್ಕೆ ವಾಲಿ, ಮೈಯ ಭಾರವನ್ನೆಲ್ಲ ಹಾಕಿ ಹಗ್ಗ ಜಗ್ಗಿದರು. ಹಗ್ಗ ಎಲ್ಲಿತ್ತು? ಕೈಯಲ್ಲಿದ್ದದ್ದು ಸ್ಟೇರಿಂಗು! ಒಳಗೆ ಕಬ್ಬಿಣದ ಬಳೆ, ಮೇಲೆ ಬಿಸಿಲಿಗೆ ಒಣಗಿ ಕಲ್ಲಾದ ಕರಿ ರಬ್ಬರಿನ ಹೊದಿಕೆ. ಅದು ಲಟ್ಟೆಂದಿತು. ಅಷ್ಟರಲ್ಲಿ ಟ್ರ್ಯಾಕ್ಟರೂ ಮಾವನೂ ಬಣವೆಯೊಳಗೆ ಹೋಗಿ ಕಾಣದಾದರು.

ನಾನು ಓಡಿದೆ. ಹೊಟ್ಟಿನೊಳಗಿನಿಂದ ಮೊದಲು ರುಮಾಲು ಬಂತು, ಆಮೇಲೆ ಮಾವ.

"ಮಾವ, ಸ್ಟೇರಿಂಗ ಒಡೀತಲ್ರೀ!"

"ಒಡದಿಲ್ಲ" ಅಂದರು, ಮೀಸೆಯ ಹೊಟ್ಟು ಕೊಡವಿಕೊಳ್ಳುತ್ತ. "ದಣದೈತಿ."

ಯಂತ್ರಕ್ಕೆ ಏನೂ ಆಗಿರಲಿಲ್ಲ. ಸ್ಟೇರಿಂಗಿನ ಹೊದಿಕೆ ಮಾತ್ರ ಉದ್ದಕ್ಕೂ ಸೀಳಿತ್ತು. ತಿರುಗಿಸಿದರೆ ಸೀಳು ಬಾಯಿ ತೆರೆಯುವುದು, ಬಿಟ್ಟರೆ ಬಾಯಿ ಮುಚ್ಚುವುದು. ನಡುವೆ ಸಿಗುವುದು ಮಾವನ ಅಂಗೈ! ಒಂದು ಸಾಲು ಹೊಡೆಯುವಷ್ಟರಲ್ಲಿ ಕೈ ತುಂಬ ರಕ್ತ. ಹೊದಿಕೆ ಕಿತ್ತು ಹಾಕೋಣವೆಂದರೆ ಬೇಸಗೆಯ ಬಿಸಿಲಿಗೆ ಒಳಗಿನ ಕಬ್ಬಿಣ ಕಾದ ಹಂಚಾಗುವುದು. ಹೊಸದು ತರಿಸೋಣವೆಂದರೆ ವಿಲಾಯತಿಯಿಂದ ಬರಬೇಕು, ಯುದ್ಧದಲ್ಲಿ ಹಡಗುಗಳೆಲ್ಲ ಬೇರೆ ಕೆಲಸದಲ್ಲಿದ್ದವು. ಮುಂಗಾರು ಹತ್ತಿರ ಬರುತ್ತಿತ್ತು. ಅತ್ತೆಯ ಮಾತು ಬರುತ್ತಿರಲಿಲ್ಲ.

ಮೊದಲ ಮದ್ದು ಅರಗು. ಮಾವ ಅರಗು ಕರಗಿಸಿ ಸೀಳಿಗೆ ತುಂಬಿದರು. ನೆರಳಲ್ಲಿ ಚೆನ್ನಾಗಿಯೇ ಹಿಡಿಯಿತು. ಮಧ್ಯಾಹ್ನ ಹೊಲಕ್ಕೆ ಹೋದರು. ಬಿಸಿಲಿಗೆ ಅರಗು ಕರಗಿತು, ಕೈಗೆ ಮೆತ್ತಿತು. ಬೇವಿನ ನೆರಳಿಗೆ ಬಂದು ನಿಲ್ಲಿಸಿದರು. ಅರಗು ಆರಿತು. ಮಾವ ಮತ್ತು ಸ್ಟೇರಿಂಗು ಒಂದೇ ಆದರು! ಎಷ್ಟು ಜಗ್ಗಿದರೂ ಕೈ ಬಾರದೆ, ಕೊನೆಗೆ ಯಾರೋ ಸ್ಟೇರಿಂಗನ್ನೇ ಬಿಚ್ಚಿಕೊಟ್ಟರು, ಮಾವ ಅದನ್ನು ಹಿಡಿದುಕೊಂಡೇ ಊರೊಳಗೆ ನಡೆದು ಬಂದರು. ದಾರಿಯಲ್ಲಿ ಒಬ್ಬ, "ಗೌಡ್ರ, ಟ್ರ್ಯಾಕ್ಟರ್ ಎಲ್ಲಿ ಬಿಟ್ರಿ?" ಅಂದ. "ಹಿಂದ ಬರಾಕತ್ತೈತಿ" ಅಂದರು ಮಾವ.

ಅತ್ತೆ ನೋಡಿದರು. ಕುಸುಬೆ ಎಣ್ಣೆ ಬಿಸಿ ಮಾಡಿ ತಂದು, ಮಾವನ ಮುಂದೆ ಕೂತು, ಒಂದೊಂದೇ ಬೆರಳನ್ನು ಬಿಡಿಸಿದರು. ಅಷ್ಟು ಹೊತ್ತೂ ಒಂದು ಮಾತಿಲ್ಲ. ಮಾವ ಒಮ್ಮೆ "ಅಯ್ಯಯ್ಯೋ" ಅಂದಾಗ ಮಾತ್ರ ತಲೆಯೆತ್ತಿ, "ಕಂಬಾ, ಅಳ್ಳಾಡಬ್ಯಾಡ ಅಂತ ಹೇಳು" ಅಂದರು. ಕೊನೆಯ ಬೆರಳು ಬಿಡಿಸಿದ ಮೇಲೂ ಮಾವ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತೆಯೇ ಎದ್ದು ಹೋದರು.

ಎರಡನೆಯ ಮದ್ದು ಕಮ್ಮಾರನದು. ಆತ ಸೀಳಿನ ಮೇಲೆ ಕಬ್ಬಿಣದ ಪಟ್ಟಿ ಬಿಗಿದ. ಸೀಳು ಕಚ್ಚುವುದು ನಿಂತಿತು. ಪಟ್ಟಿ ಸುಡುವುದು ಶುರುವಾಯಿತು.

ಆಗ ಮಾವನಿಗೆ ಕಿನ್ನಾಳ ನೆನಪಾಯಿತು. ಕಿನ್ನಾಳದ ಚಿತ್ರಗಾರರು ಕಟ್ಟಿಗೆಯ ಗೊಂಬೆ ಮಾಡುವವರು, ದೇವರ ಮೂರ್ತಿ ಮಾಡುವವರು. ಗೋಣಿಯ ನಾರನ್ನು ಪುಡಿ ಮಾಡಿ, ಕಟ್ಟಿಗೆಯ ಹೊಟ್ಟು ಸೇರಿಸಿ, ಹುಣಸೆಬೀಜದ ಅಂಟಿನಲ್ಲಿ ಕಲೆಸಿ ಮೆತ್ತಿದರೆ ಮೂರ್ತಿಯ ಸಂದು ಎಲ್ಲಿತ್ತೆಂದು ಮೂರ್ತಿಗೇ ತಿಳಿಯಬಾರದು, ಹಾಗೆ ಕೂಡಿಸುವರು. "ದೇವರ ಕೈನ ಕೂಡಸ್ತಾರ, ಇದೇನು ಮಹಾ?" ಅಂದರು ಮಾವ. ನನ್ನನ್ನೂ ಜೊತೆಗೆ ಕರೆದುಕೊಂಡರು. ಹೂವಿನ ಬಣ್ಣ ಆರಿಸಲು ಹೆಣ್ಣುಮಗಳು ಬೇಕಂತೆ!

ಚಿತ್ರಗಾರ ಸ್ಟೇರಿಂಗನ್ನು ತಿರುಗಿಸಿ ನೋಡಿದ. "ಯಾವ ದೇವರ ಚಕ್ರರೀ ಇದು?"

"ಹೊಲಾ ಉಳೂ ದೇವರದು. ದಣದೈತಿ."

"ದಣದೈತೋ? ಬೆನ್ನು ಪೂರಾ ಸೀಳೈತಲ್ರೀ ಯಪ್ಪಾ!" ಅಂದು ಆತ ನಕ್ಕ. ಕಬ್ಬಿಣದ ಪಟ್ಟಿಯನ್ನೂ ಸೀಳಿದ ರಬ್ಬರನ್ನೂ ತೆಗೆದು, ಮೆತ್ತಿ, ಅರಿವೆ ಸುತ್ತಿ, ಮತ್ತೆ ಮೆತ್ತಿ ನೆರಳಿಗೆ ಒಣಗಲು ಇಟ್ಟ. ಮುಂದಿನ ಸಲ ಹೋದಾಗ ಅದರ ಮೇಲೆ ಸುತ್ತಲೂ ಬಳ್ಳಿ ಹಬ್ಬಿತ್ತು, ನಾನು ಹೇಳಿದ ಕೆಂಪಿನ ಹೂವು ಅರಳಿತ್ತು, ನಾನು ಹೇಳದ ಒಂದು ಗಿಳಿಯೂ ಬಂದು ಕೂತಿತ್ತು. "ಗಿಳಿ ನನ್ನ ಕಡಿಂದ" ಅಂದ ಚಿತ್ರಗಾರ. "ನೀರು ಮಾತ್ರ ಮುಟ್ಟಸಬ್ಯಾಡ್ರಿ."

ಅಂಗೈಗೆ ರೇಷ್ಮೆಯಷ್ಟು ನುಣುಪು! ಮಾವ ದಾರಿಯುದ್ದಕ್ಕೂ ಅದನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಲೇ ಇದ್ದರು. ಆಗ ಓಡುತ್ತಿದ್ದದ್ದು ಇದ್ದಿಲ ಬಸ್ಸು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಿಂದ ನಡೆಯುವುದು, ಏರು ಬಂದರೆ ಎಲ್ಲರೂ ಇಳಿದು ನೂಕುವುದು. ಬಸ್ಸಿನಲ್ಲಿ ಒಬ್ಬ ಮುದುಕಿ ನಮ್ಮ ಸ್ಟೇರಿಂಗನ್ನು ಕಂಡು ಎದ್ದು ನಿಂತು, ತನ್ನ ಜಾಗವನ್ನು ಬಿಟ್ಟುಕೊಟ್ಟಳು. ಮಾವನಿಗಲ್ಲ, ಸ್ಟೇರಿಂಗಿಗೆ!

"ತಾಯಿ ಯಾವ ಕಡಿಗೆ ಹೊಂಟಾಳ್ರೀ?"

ಮಾವ ಯಾರಿಗೂ ನಿರಾಸೆ ಮಾಡುವವರಲ್ಲ. "ಕುಕನೂರ ಕಡಿಗೆ" ಅಂದರು.

ಆಕೆ ಕುಂಕುಮ ಹಚ್ಚಿ ಚೆಂಡುಹೂವು ಏರಿಸಿದಳು. ಏರು ಬಂದಾಗ ನಾವೆಲ್ಲ ಇಳಿದು ಬಸ್ಸು ನೂಕಿದೆವು. ಸ್ಟೇರಿಂಗು ಒಳಗೇ ಕೂತಿತ್ತು.

ಮನೆಗೆ ಬಂದಾಗ ಅತ್ತೆ ಹತ್ತಿರ ಬಂದು, ಒಂದೇ ಬೆರಳಿನಿಂದ ಗಿಳಿಯನ್ನು ಮುಟ್ಟಿದರು. "ಕಂಬಾ, ಗಿಳಿ ಛಲೋ ಐತಿ" ಅಂದರು.

ಆ ಸಂಜೆಯೆಲ್ಲ ಮಾವ ನನ್ನ ಹಿಂದೆ ಮುಂದೆ ಸುಳಿದಾಡಿದರು. "ಕೇಳಿದೇನು? ಛಲೋ ಐತಿ ಅಂದ್ಲು. ಕಂಬಕ್ಕ ಅಂದ್ಲು ಖರೆ, ಆದ್ರ ನನಗ ಕೇಳೂವಂಗ ಅಂದ್ಲು. ನಾಳೆ ಹೊಲಾ ಹೊಡದೆ ಅಂದ್ರ ಆತು ನೋಡು!" ಗಾಳಿಗೆ ಇನ್ನಷ್ಟು ಆರಲಿ ಎಂದು ಸ್ಟೇರಿಂಗನ್ನು ದನ ಕಟ್ಟುವ ಅಂಕಣದಲ್ಲಿ, ಗೋದಲಿಯ ಮೇಲಿನ ಗೂಟಕ್ಕೆ ತೂಗುಹಾಕಿದರು. ನೀರು ಬೀಳದ ಜಾಗ. ನೀರು ಬೀಳದಂತೆ ನೋಡಿಕೊಂಡರು. ನಾಲಿಗೆಯ ವಿಚಾರ ಯಾರಿಗೆ ಹೊಳೆದಿತ್ತು?

ಬೆಳಗ್ಗೆ ನಾನು ಸೆಗಣಿ ಬಳಿಯಲು ಹೋದಾಗ ಹಂಡ ಕಣ್ಣು ಮುಚ್ಚಿ, ಕತ್ತು ಚಾಚಿ, ನಿಧಾನವಾಗಿ ನೆಕ್ಕುತ್ತಿತ್ತು. ಹುಣಸೆಬೀಜದ ಅಂಟಲ್ಲವೇ! ಒಂದು ಮಗ್ಗುಲಿನ ಬಳ್ಳಿ, ಹೂವು, ಅರಿವೆ ಎಲ್ಲ ಹೊಟ್ಟೆ ಸೇರಿ ಕಬ್ಬಿಣ ಕಾಣುತ್ತಿತ್ತು. ಗಿಳಿಯ ಬಾಲ ಹೋಗಿತ್ತು, ಕೊಕ್ಕು ಉಳಿದಿತ್ತು. ನಾನ್ಯಾಕೆ ಸುಳ್ಳು ಹೇಳಲಿ, ನನಗೆ ನಗು ತಡೆಯಲಾಗಲಿಲ್ಲ. ಮಾವ ಓಡಿ ಬಂದರು, ಬಡಿಗೆ ಎತ್ತಿದರು.

"ಕಂಬಾ" ಎಂದು ಹಿಂದಿನಿಂದ ಅತ್ತೆಯ ದನಿ ಬಂತು. ಅಲ್ಲಿ ಕಂಬವೇ ಇರಲಿಲ್ಲ. "ಅದನ್ನ ಹೊಡೀಬ್ಯಾಡ ಅಂತ ಹೇಳು. ದಿನಾ ಬೆಳಗಾದ್ರ ಅದು ಕೆಂದನ ಕುತ್ತಿಗಿ ನೆಕ್ಕತಿತ್ತು. ಈಗ ಏನ ಸಿಗತೈತಿ ಅದನ್ನ ನೆಕ್ಕತೈತಿ."

ಮಾವ ಬಡಿಗೆ ಇಳಿಸಿದರು. ಆಗ ನಾನೂ ನೋಡಿದೆ. ದಿನಾ ಸೆಗಣಿ ಬಳಿಯುವ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಹಂಡ ನಿಲ್ಲುವಲ್ಲಿ ಬಲಗಡೆಯ ಗೋಡೆಯ ಮಣ್ಣು ನೆಕ್ಕಿ ನೆಕ್ಕಿ ಕುಳಿಬಿದ್ದಿತ್ತು. ಕೆಂದನ ಖಾಲಿ ಗೂಟ ನುಣ್ಣಗೆ ಹೊಳೆಯುತ್ತಿತ್ತು.

ನಾನು "ದಣದೈತಿ" ಎನ್ನುವ ಮಾತಿಗೆ ಕಾದೆ.

"ಇದು ಮುರದೈತಿ" ಅಂದರು ಮಾವ.

ಅವರು ಸ್ಟೇರಿಂಗಿನ ಕಡೆ ನೋಡುತ್ತಿರಲಿಲ್ಲ. ಆ ಗೂಟದ ಕಡೆ ನೋಡುತ್ತಿದ್ದರು.

ಮರುದಿನ ನಸುಕಿನಲ್ಲಿ ಟ್ರ್ಯಾಕ್ಟರು ಗುಡುಗಿತು. ಅರ್ಧ ಗಿಳಿಯ ಸ್ಟೇರಿಂಗನ್ನು ಹಾಗೇ ಕೂಡಿಸಿ, ಎರಡೂ ಕೈಗೆ ಅರಿವೆ ಸುತ್ತಿಕೊಂಡು, ಉಳಿದ ಎಣ್ಣೆಯನ್ನೆಲ್ಲ ಹೇರಿಕೊಂಡು ಮಾವ ಹೊರಟರು. ಹೊಲದ ಕಡೆಗಲ್ಲ, ಕುಕನೂರಿನ ದಾರಿಗೆ. ಅತ್ತೆ ಬಾಗಿಲಲ್ಲಿ ನಿಂತು ಸದ್ದು ಅಡಗುವವರೆಗೂ ಕೇಳಿದರು. "ಎಲ್ಲಿಗೆ ಅಂತ?" ಅಂದರು. ಕಂಬಕ್ಕೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ದಿನಗಳು ಹೋದವು. ಮೊದಲ ಮಳೆ ಬಿತ್ತು. ಊರವರೆಲ್ಲ ಹೊಲಕ್ಕೆ ಕುಂಟೆ ಹೊಡೆದರು, ನಮ್ಮ ಹೊಲದಲ್ಲಿ ಕರಿಕೆ ಚಿಗುರಿತು. ನೆರೆಯವಳೊಬ್ಬಳು ನಗುತ್ತ, "ಏನ್ರೀ ಅಕ್ಕಾ, ನಿಮ್ಮ ಮನಿಯವ್ರು ಮಿಷಿನ್ ತಗೊಂಡು ದೇಶಾಂತರ ಹ್ವಾದ್ರೇನು?" ಅಂದಳು.

"ಬಿಟ್ಟು ಹೋಗೂ ಮಂದಿ ಅಲ್ಲ ನಮ್ಮವ್ರು" ಎಂದು ಅತ್ತೆ ಸಿಡುಕಿದರು. ಒಳಗೆ ಬಂದು, ಎಂದಿನಂತೆ ಮಾವನ ಪಾಲಿನ ರೊಟ್ಟಿಯನ್ನೂ ಬಡಿದರು. ಅದನ್ನು ಬೆಳಗ್ಗೆ ಹಂಡನಿಗೆ ತಿನ್ನಿಸುವರು, ಸಂಜೆ ಮತ್ತೆ ಬಡಿಯುವರು. ದಾರಿಯ ಕಡೆ ನೋಡುತ್ತಿಲ್ಲ ಎಂದು ತೋರಿಸಿಕೊಳ್ಳಲು ಅವರು ಪಟ್ಟ ಕಷ್ಟ ಅಷ್ಟಿಷ್ಟಲ್ಲ!

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಹಂಡ ಕೂಗಿತು. ಎಂದೂ ಹಾಗೆ ಕೂಗಿದ್ದಿಲ್ಲ. ನಾವು ಹೊರಗೆ ಬಂದೆವು. ಅಗಸಿಯ ಕಡೆಯಿಂದ ಮಾವ ನಡೆದು ಬರುತ್ತಿದ್ದರು. ಹಿಂದೆ ಕೆಂದ. ಕೆಂದನ ಕೊರಳಲ್ಲಿ ಹಾರದ ಹಾಗೆ ನಮ್ಮ ಸ್ಟೇರಿಂಗು!

ಆದದ್ದು ಇಷ್ಟು. ಮಾವ ಹೋದದ್ದು ನವಲಿಗೆ, ಟ್ರ್ಯಾಕ್ಟರು ಕೊಟ್ಟು ಕೆಂದನನ್ನು ಬಿಡಿಸಿಕೊಳ್ಳಲು. ಜಮೀನುದಾರರ ಎತ್ತಿಗೆ ಜೊತೆ ಮಾಡಿ ನೊಗ ಕಟ್ಟಿದಾಗಲೆಲ್ಲ ಕೆಂದ ಎಡಕ್ಕೆ ತಿರುಗಿ ನೋಡಿ, ಹಂಡ ಅಲ್ಲವೆಂದು ಕಂಡು, ಮಲಗಿಬಿಡುತ್ತಿತ್ತಂತೆ. ಸತ್ತದ್ದೆಂದು ಕೊಟ್ಟ ಟ್ರ್ಯಾಕ್ಟರು ಗುಡುಗುತ್ತ ತಾನೇ ನಡೆದು ಬಂದದ್ದು ಕಂಡು ಅವರು, "ನಿಮ್ಮ ಎತ್ತೂ ದಣದೈತ್ರಿ, ಒಯ್ರಿ" ಎಂದು ನಕ್ಕು ಬಿಟ್ಟುಕೊಟ್ಟರು. ಆದರೆ ಅವರ ಮೋಟಾರಿನ ಡ್ರೈವರು ಸ್ಟೇರಿಂಗನ್ನು ನೋಡಿ, "ಇದಕ್ಕ ಏನಾಗೈತಿ?" ಎಂದು ಕೇಳಿದ. ಮಾವ ಇದ್ದದ್ದು ಇದ್ದ ಹಾಗೆ ಹೇಳಿದರು. "ಎತ್ತು ನೆಕ್ಕಿದ ಎಂಜಲು ಹಿಡದು ನಾ ಗಾಡಿ ಹೊಡೀಲಾ? ಬ್ಯಾಡ್ರೀ ಯಪ್ಪಾ!" ಎಂದು ಆತ ಅದನ್ನು ಬಿಚ್ಚಿ ಮಾವನ ಕೈಗೇ ಕೊಟ್ಟ. ಹಳೆಯ ಲಾರಿಯದೊಂದು ಅವನ ಹತ್ತಿರ ಇತ್ತಂತೆ.

ಕೆಂದನನ್ನು ಅದರ ಗೂಟಕ್ಕೆ ಕಟ್ಟುವ ಮೊದಲೇ ಹಂಡ ಅದರ ಕುತ್ತಿಗೆಗೆ ನಾಲಿಗೆ ಹಾಕಿತ್ತು. ಅತ್ತೆ ಅದನ್ನು ನೋಡಿದರು. ಆಮೇಲೆ ಪಡಸಾಲೆಗೆ ಬಂದರು. ಮಾವ ಕಂಬಕ್ಕೆ ಒರಗಿ ಕೂತಿದ್ದರು.

"ಕೈ ತೋರಸ್ರಿ" ಅಂದರು ಅತ್ತೆ.

ಮಾವ ಹಿಂದೆ ತಿರುಗಿ ನೋಡಿದರು. "ಕಂಬಾ, ನಿನಗ ಹೇಳಾಕತ್ತಾಳ ನೋಡು."

"ಕಂಬಕ್ಕ ಕೈ ಎಲ್ಲಿ ಅದಾವ್ರೀ? ನಿಮಗ ಹೇಳಾಕತ್ತೀನಿ!"

ಅರಿವೆ ಬಿಚ್ಚಿದಾಗ ಅಂಗೈಗಳು ಹೇಗಿದ್ದವೆಂದು ನಾನು ಬರೆಯುವುದಿಲ್ಲ. ಅತ್ತೆ ತೊಳೆದರು, ಅರಿಷಿಣ ಎಣ್ಣೆ ಹಚ್ಚಿದರು, ತಮ್ಮ ಹಳೆಯ ಕುಪ್ಪಸದ ಬಟ್ಟೆ ಹರಿದು ಸುತ್ತಿದರು. ಮಾವ ಈ ಸಲ "ಅಯ್ಯಯ್ಯೋ" ಅನ್ನಲೇ ಇಲ್ಲ.

ಆ ವರ್ಷ ನಾವು ಎಲ್ಲರಿಗಿಂತ ತಡವಾಗಿ ಬಿತ್ತಿದೆವು. ಕರಿಕೆ ಇಂದಿಗೂ ಹೊಲದಲ್ಲಿದೆ. ಮಾವನೂ ಇಲ್ಲ, ಅತ್ತೆಯೂ ಇಲ್ಲ, ಹಂಡ ಕೆಂದರೂ ಇಲ್ಲ.

ಕೆಂದ ಬಂದ ಆ ರಾತ್ರಿ ಉಂಡದ್ದು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಮೆಣಸಿನಕಾಯಿಯ ಹಿಂಡಿ, ಎಮ್ಮೆಯ ಮೊಸರು. ಮಾವನ ಕೈಗೆ ಬಟ್ಟೆ ಸುತ್ತಿದ್ದರಿಂದ ಅತ್ತೆಯೇ ರೊಟ್ಟಿ ಮುರಿದು, ಪಲ್ಯ ಹಚ್ಚಿ ಉಣ್ಣಿಸಿದರು. ಎರಡು ರೊಟ್ಟಿ ಮುಗಿದವು.

"ಇನ್ನೊಂದು ರೊಟ್ಟಿ ನೀಡಲ್ರೀ?"

ಮಾವ "ಹ್ಞೂಂ" ಅಂದರು. ಎಂದೂ ಅಂದವರಲ್ಲ. ಅದೂ ಮುಗಿಯಿತು.

"ಇನ್ನೊಂದು?"

"ಹ್ಞೂಂ."

ಹೊಟ್ಟೆ ಎಂದೋ ತುಂಬಿತ್ತೆಂದು ನನಗೆ ಗೊತ್ತು, ಅತ್ತೆಗೂ ಗೊತ್ತು. ಅವರು ಕೇಳುತ್ತಲೇ ಹೋದರು, ಇವರು ಹ್ಞೂಂ ಅನ್ನುತ್ತಲೇ ಹೋದರು, ಬುಟ್ಟಿಯ ರೊಟ್ಟಿ ತೀರುವ ತನಕ.

ಮೊದಲು ಮಲಗಿದ್ದು ಕೆಂದ, ಹಂಡನ ಮೈಗೆ ಮೈ ಆನಿಸಿ. ಆಮೇಲೆ ಹಂಡ. ಆಮೇಲೆ ನಾನು. ನನಗೆ ನಿದ್ದೆ ಹತ್ತುವಾಗಲೂ ಪಡಸಾಲೆಯಲ್ಲಿ ಅತ್ತೆಯ ಮಾತು ನಡೆದೇ ಇತ್ತು, ಕಂಬದ ಜೊತೆಗಲ್ಲ.